ರಾಕೆಟ್ ವಿಡಿಯೊ ಅಸಲಿಯೋ ನಕಲಿಯೋ? ಮಂಗಳೂರಿನಲ್ಲೇ ಕೂತು ಪರೀಕ್ಷಿಸುವ ಬಗೆ

ಶ್ರೀಹರಿಕೋಟಾದಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 590 ಕಿಲೋಮೀಟರ್. ಭೂಮಿ ಬಾಗಿರುವುದರಿಂದ, ಅಲ್ಲಿ ಹಾರಿದ ರಾಕೆಟ್ ಸುಮಾರು 25 ಕಿಲೋಮೀಟರ್ ಎತ್ತರಕ್ಕೆ ಏರುವವರೆಗೂ ನಮ್ಮ ದಿಗಂತದ ಕೆಳಗೇ ಇರುತ್ತದೆ. ಆಮೇಲೂ ಅದು ಬಂಗಾಳ ಕೊಲ್ಲಿಯತ್ತ, ನಮ್ಮಿಂದ ದೂರಕ್ಕೆ ಓಡುತ್ತದೆ. ನಡುವೆ ಘಟ್ಟ ಬೇರೆ ಅಡ್ಡ. ಕದ್ರಿ ಗುಡ್ಡದ ಮೇಲೆ ನಿಂತರೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಮಂಗಳೂರಿನವರು ಉಡಾವಣೆ ನೋಡುವುದು ಟಿವಿಯಲ್ಲಿ, ಇಲ್ಲವೇ ಮೊಬೈಲಿನಲ್ಲಿ.

ಕಣ್ಣಾರೆ ಕಾಣದ್ದರ ಬಗ್ಗೆ ಅನುಮಾನ ಹುಟ್ಟುವುದು ಸಹಜ. "ಇದೆಲ್ಲ ಗ್ರಾಫಿಕ್ಸ್ ಮಾರಾಯ್ರೆ" ಎನ್ನುವವರನ್ನು ದೇಶಾಭಿಮಾನದ ಹೆಸರಿನಲ್ಲಿ ಗದರಿ ಸುಮ್ಮನಾಗಿಸುವುದು ನನಗೆ ಸರಿಕಾಣುವುದಿಲ್ಲ. 1984ರಿಂದ 1994ರವರೆಗೆ ಇಸ್ರೋವನ್ನು ಮುನ್ನಡೆಸಿದ ಯು.ಆರ್. ರಾವ್ ಉಡುಪಿ ಜಿಲ್ಲೆಯ ಅದಮಾರಿನವರು ಎಂಬ ಅಭಿಮಾನ ನನಗೂ ಇದೆ. ಆದರೆ ಅಭಿಮಾನ ಸಾಕ್ಷಿಯಾಗದು. ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಅನುಮಾನಕ್ಕೆ ಸುಲಭವಾಗಿ ಎಡೆ ಮಾಡಿಕೊಡುವುದು ಆನಿಮೇಷನ್. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯಿತು. ಆಗ ಪರದೆಯ ಮೇಲೆ ಕಂಡದ್ದು ಕಂಪ್ಯೂಟರಿನಲ್ಲಿ ಬಿಡಿಸಿದ ನೌಕೆ. ಅದು ಚಿತ್ರ ಹೌದು, ಕಟ್ಟುಕತೆ ಅಲ್ಲ. ಇಳಿಯುವ ನೌಕೆಯ ಪಕ್ಕದಲ್ಲಿ ನಿಂತು ಚಿತ್ರೀಕರಿಸಲು ಅಲ್ಲಿ ಯಾರೂ ಇರಲಿಲ್ಲ. ನೌಕೆ ತನ್ನ ಎತ್ತರ, ವೇಗ, ವಾಲಿದ ಕೋನಗಳನ್ನು ಅಂಕಿಗಳಾಗಿ ಕಳಿಸುತ್ತಿತ್ತು. ಅದಕ್ಕೆ ಟೆಲಿಮೆಟ್ರಿ ಎನ್ನುತ್ತಾರೆ. ಇಂಥ ದೂರದ ನೌಕೆಗಳ ಸಂಕೇತ ಹಿಡಿಯಲೆಂದೇ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಇದೆ. ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಆ ಅಂಕಿಗಳು ಪರದೆಗೆ ಬರುತ್ತಿದ್ದವು, ಅವುಗಳ ಜೊತೆಗೆ ಚಿತ್ರವೂ ಚಲಿಸುತ್ತಿತ್ತು. ಮಂಗಳೂರು ಸೆಂಟ್ರಲ್‌ನಲ್ಲಿ ಕಾಯುವಾಗ ಮೊಬೈಲಿನ ಆ್ಯಪ್‌ನಲ್ಲಿ ಚುಕ್ಕೆಯೊಂದು ಸರಿಯುತ್ತದಲ್ಲ, ಇದೂ ಹಾಗೆಯೇ: ಚುಕ್ಕೆ ರೈಲಲ್ಲ, ಆದರೆ ರೈಲು ಬರುತ್ತಿರುವುದು ಸುಳ್ಳಲ್ಲ. ವಿಕ್ರಮ್ ತನ್ನದೇ ಕ್ಯಾಮೆರಾದಲ್ಲಿ ಇಳಿಯುತ್ತ ಸೆರೆಹಿಡಿದ ವಿಡಿಯೊವನ್ನು ಇಸ್ರೋ ಮರುದಿನ ಬಿಡುಗಡೆ ಮಾಡಿತು. ನೇರಪ್ರಸಾರದ ವೇಳೆ "ಇದು ಆನಿಮೇಷನ್" ಎಂದು ಪರದೆಯ ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಟಿವಿ ವಾಹಿನಿಗಳು ಇಷ್ಟಾದರೂ ಮಾಡಬೇಕು.

ನಿಜವಾದ ವಿಡಿಯೊದಲ್ಲೂ ವಿಚಿತ್ರ ಎನಿಸುವ ಸಂಗತಿಗಳು ಇರುತ್ತವೆ. ಇಸ್ರೋದ ಎಲ್‌ವಿಎಂ-3 ರಾಕೆಟ್ ನೆಲ ಬಿಡುವಾಗ ಗಮನಿಸಿ: ಬೆಂಕಿ ಕಾರುವುದು ಎರಡು ಪಕ್ಕದ ದಪ್ಪ ಮೋಟಾರುಗಳು ಮಾತ್ರ. ಒಂದೊಂದರಲ್ಲೂ ಸುಮಾರು 200 ಟನ್ ಘನ ಇಂಧನ. ನಡುವಿನ ಹಂತ ತಣ್ಣಗಿರುತ್ತದೆ. ಅದರ ಎಂಜಿನ್‌ಗಳು ಹೊತ್ತಿಕೊಳ್ಳುವುದು ಹಾರಿ ಎರಡು ನಿಮಿಷಕ್ಕೆ ತುಸು ಮೊದಲು, ಆಕಾಶದಲ್ಲೇ. ಕೊನೆಯ ಕ್ರಯೋಜೆನಿಕ್ ಹಂತದಲ್ಲಿ ದ್ರವ ಹೈಡ್ರೋಜನ್ ಉರಿಯುತ್ತದೆ. ಅದರಿಂದ ಹೊರಬರುವುದು ಬಹುಪಾಲು ನೀರಾವಿ, ಹೊಗೆಯಿಲ್ಲ, ಜ್ವಾಲೆ ಬಲು ಮಸುಕು. "ಎಂಜಿನ್ ಆಫ್ ಆಗಿದೆ, ಆದರೂ ರಾಕೆಟ್ ಹೋಗ್ತಿದೆ" ಎಂಬ ಆಕ್ಷೇಪ ಹುಟ್ಟುವುದು ಇಲ್ಲಿಂದ.

ರಾಕೆಟ್ ನೆಟ್ಟಗೆ ಹೋಗದೆ ಸಮುದ್ರದತ್ತ ಬಾಗುತ್ತದೆ, ಬೀಳುತ್ತಿದೆ ಎಂಬ ಮಾತೂ ಉಂಟು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಳಿಯಲು ಎತ್ತರವೊಂದೇ ಸಾಲದು, ಅಡ್ಡಕ್ಕೆ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ವೇಗ ಬೇಕು. ಅದಕ್ಕೇ ಅದು ಬಾಗುವುದು.

ಜಗತ್ತಿನಾದ್ಯಂತ ಸುತ್ತಿದ ಇನ್ನೊಂದು ತುಣುಕು 2014ರದ್ದು. ಅಮೆರಿಕದ ನೆವಾಡಾ ಮರುಭೂಮಿಯಿಂದ ಹವ್ಯಾಸಿಗಳು ಹಾರಿಸಿದ 'ಗೋಫಾಸ್ಟ್' ರಾಕೆಟ್ ಗಿರಗಿರನೆ ತಿರುಗುತ್ತ 100 ಕಿಲೋಮೀಟರ್ ದಾಟಿತು. ಮೇಲೇರುತ್ತಿದ್ದಾಗಲೇ ಆ ತಿರುಗಾಟ ಗಕ್ಕನೆ ನಿಂತಿತು. ಆಕಾಶದ ಗುಮ್ಮಟಕ್ಕೆ ಬಡಿಯಿತು ಎಂದವರೆಷ್ಟೋ ಮಂದಿ. ನಡೆದದ್ದು ಇಷ್ಟೆ: ತಿರುಗುವಿಕೆ ನಿಲ್ಲಿಸಲೆಂದೇ ಹಗ್ಗದ ತುದಿಗೆ ಕಟ್ಟಿದ ಭಾರಗಳನ್ನು ಹೊರಕ್ಕೆ ಬಿಡುವ ವ್ಯವಸ್ಥೆ ಅದರಲ್ಲಿತ್ತು. ಭಾರಗಳು ದೂರ ಚಾಚಿ, ಕಳಚಿಕೊಂಡು ಹೋಗುವಾಗ ರಾಕೆಟಿನ ಸುತ್ತನ್ನು ತಮ್ಮ ಜೊತೆ ಒಯ್ಯುತ್ತವೆ. ವಿಡಿಯೊ ಅಸಲಿ, ವಿವರಣೆ ತಪ್ಪು.

ಹಾಗೆಂದು ನಕಲಿ ಇಲ್ಲವೇ? ಧಾರಾಳವಾಗಿದೆ. 2019ರಲ್ಲಿ ಚಂದ್ರಯಾನ-2 ಭೂಮಿಯ ಫೋಟೊ ಕಳಿಸುವ ಮೊದಲೇ ಅದರ ಹೆಸರಿನಲ್ಲಿ ಬಣ್ಣಬಣ್ಣದ ಚಿತ್ರಗಳು ಓಡಾಡಿದವು. ಅಸಲಿ ಚಿತ್ರಗಳು ಬಂದದ್ದು ಆಗಸ್ಟ್ 4ರಂದು. 2023ರಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ಮಣ್ಣಿನಲ್ಲಿ ಅಶೋಕ ಲಾಂಛನ ಅಚ್ಚೊತ್ತಿದೆ ಎಂದು ಹರಿದಾಡಿದ ಚಿತ್ರ ಒಬ್ಬ ಕಲಾವಿದನ ಕೈಕೆಲಸ. ಹೆಮ್ಮೆಯಿಂದ ಹಂಚಿದ ಇಂಥ ನಕಲಿಗಳೇ ಅಸಲಿಯ ಮೇಲಿನ ನಂಬಿಕೆಯನ್ನು ಕೆಡಿಸುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ.

ಪರೀಕ್ಷೆ ಕಷ್ಟವಲ್ಲ. ಮೊದಲು ಕಿವಿಗೊಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಐದು ಕಿಲೋಮೀಟರ್ ದೂರದಿಂದ ಮೊಬೈಲಿನಲ್ಲಿ ತೆಗೆದ ವಿಡಿಯೊ ಆದರೆ ಬೆಂಕಿ ಕಂಡು ಹೆಚ್ಚುಕಡಿಮೆ 15 ಸೆಕೆಂಡಿನ ಮೇಲೆ ಗುಡುಗು ಕೇಳಬೇಕು. ಬೆಂಕಿಯ ಜೊತೆಗೇ ಗುಡುಗು ಬಂದರೆ ಆ ಸದ್ದನ್ನು ಆಮೇಲೆ ಸೇರಿಸಿದ್ದಾರೆ ಎಂದರ್ಥ. ಆಮೇಲೆ ರಾಕೆಟಿನ ರೂಪ ನೋಡಿ. "ಇಸ್ರೋ ರಾಕೆಟ್" ಕಾಲೂರಿ ನೆಟ್ಟಗೆ ಇಳಿಯುತ್ತಿದ್ದರೆ ಅದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯದ್ದಿರಬಹುದು. ನಮ್ಮ ಪಿಎಸ್‌ಎಲ್‌ವಿ, ಎಲ್‌ವಿಎಂ-3ರ ಕೆಳ ಹಂತಗಳು ಸಮುದ್ರಕ್ಕೆ ಬೀಳುತ್ತವೆ. ಚಿತ್ರದುರ್ಗದ ಚಳ್ಳಕೆರೆ ಬಳಿ ಇಸ್ರೋ ಇಳಿಸಿ ಪರೀಕ್ಷಿಸಿದ್ದು ಹೆಲಿಕಾಪ್ಟರಿನಿಂದ ಬಿಟ್ಟ, ರೆಕ್ಕೆಯುಳ್ಳ, ಚಕ್ರದ ಮೇಲೆ ಓಡುವ ವಾಹನ. ಇನ್ನೂ ಸಂಶಯವಿದ್ದರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಹಳೆಯ ವಿಡಿಯೊ ಆಗಿದ್ದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಇಸ್ರೋದ ಮಾತಷ್ಟೇ ಸಾಲದು ಎನ್ನುವವರಿಗೆ ಹೊರಗಿನ ಸಾಕ್ಷಿಗಳೂ ಇವೆ. 2023ರ ಜುಲೈ 14ರ ಮಧ್ಯಾಹ್ನ 2.35ಕ್ಕೆ ಚಂದ್ರಯಾನ-3 ಹಾರಿದಾಗ, ಚೆನ್ನೈನಿಂದ ಢಾಕಾಕ್ಕೆ ಹೊರಟಿದ್ದ ವಿಮಾನದ ಪ್ರಯಾಣಿಕರೊಬ್ಬರು ಕಿಟಕಿಯಿಂದ ಅದನ್ನು ಚಿತ್ರೀಕರಿಸಿದರು. ಉಡಾವಣೆಗೆ ಮೊದಲೇ ವಿಮಾನಗಳಿಗೂ ಹಡಗುಗಳಿಗೂ ಅಪಾಯ ವಲಯದ ಎಚ್ಚರಿಕೆ ಹೋಗುತ್ತದೆ. ಅದೇ ವರ್ಷದ ಆಗಸ್ಟ್ 27ರಂದು ನಾಸಾದ ಎಲ್‌ಆರ್‌ಒ ನೌಕೆ ಚಂದ್ರನ ಸುತ್ತ ಹಾರುತ್ತಲೇ ನೆಲದ ಮೇಲಿನ ವಿಕ್ರಮ್‌ನ ಫೋಟೊ ತೆಗೆಯಿತು.

ಮಂಗಳೂರಿನಿಂದ ನೀವೇ ನೋಡಬಹುದಾದ್ದೂ ಒಂದಿದೆ. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಹೋಗಿ ಜುಲೈನಲ್ಲಿ ಮರಳಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುತ್ತಿದೆ. ನಮ್ಮ ಊರಿನ ಮೇಲೆ ಯಾವ ದಿನ, ಎಷ್ಟು ಹೊತ್ತಿಗೆ ಹಾದುಹೋಗುತ್ತದೆಂದು ನಾಸಾ ಮೊದಲೇ ತಿಳಿಸುತ್ತದೆ. ಮೋಡವಿಲ್ಲದ ಸಂಜೆ ಪಣಂಬೂರು ಕಡಲತೀರಕ್ಕೆ ಹೋಗಿ. ಹೇಳಿದ ಹೊತ್ತಿಗೆ, ಪಿಳಿಪಿಳಿ ಎನ್ನದ ಬೆಳಗುವ ಚುಕ್ಕೆಯೊಂದು ಪಶ್ಚಿಮದ ಕಡೆಯಿಂದ ಏರಿ ಪೂರ್ವದತ್ತ ಸಾಗುತ್ತದೆ.

ಮುಂದಿನ ಉಡಾವಣೆಯ ವಿಡಿಯೊ ನಿಮ್ಮ ಗುಂಪಿಗೆ ಬಂದಾಗ, ಅದು ಹೊಗಳುವುದಿರಲಿ ತೆಗಳುವುದಿರಲಿ, ಯಾವ ರಾಕೆಟ್, ಯಾವ ದಿನ, ಯಾರು ಎಲ್ಲಿಂದ ತೆಗೆದದ್ದು ಎಂದು ಕೇಳಿ. ಕಳಿಸಿದವರ ಬಳಿ ಉತ್ತರವಿಲ್ಲದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.