ಮರದ ಧೂಳು ಹಿಡಿಯುವ ಡ್ರಮ್ಮು: ಮನೆಯಲ್ಲೇ ಮಾಡುವ ಬಗೆ

ಮಳೆ ಕೈಕೊಟ್ಟ ವರ್ಷ ನಮ್ಮ ರಾಯದುರ್ಗ, ಮಡಕಶಿರಾ ಕಡೆ ಶೇಂಗಾ ಹೊಲವೊಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಆದ್ದರಿಂದ ಮನೆಯಲ್ಲೊಬ್ಬರು ಮರಗೆಲಸ ಕಲಿತು, ಮನೆಯ ಪಕ್ಕದ ಚಪ್ಪರದಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಕೆಲಸ ಹಚ್ಚಿಕೊಳ್ಳುವುದುಂಟು. ಕೂರಿಗೆ, ಕುಂಟೆ, ಬಾಗಿಲು, ಮಂಚ ಹೀಗೆ ಊರಿಗೆ ಬೇಕಾದದ್ದೆಲ್ಲ ಅಲ್ಲಿ ಸಿದ್ಧವಾಗುತ್ತದೆ. ಹಿಂದೆ ಬಾಚಿ, ಉಳಿ, ಕೈಗರಗಸಗಳಿಂದ ಕೆಲಸ ಮಾಡುವಾಗ ಚಕ್ಕೆಗಳು ಕಾಲಬುಡದಲ್ಲೇ ಬೀಳುತ್ತಿದ್ದವು. ಈಗ ಕರೆಂಟಿನ ಗರಗಸ, ಮರ ಉಜ್ಜುವ ಯಂತ್ರ ಬಂದಿವೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ರಾಗಿ ಹಿಟ್ಟಿಗಿಂತ ನುಣ್ಣನೆಯ ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದೇ ಗಾಳಿಯನ್ನು ಮನೆಯ ಹೆಂಗಸರು, ಮಕ್ಕಳು, ಮುದುಕರು ಕೂಡ ಉಸಿರಾಡುತ್ತಾರೆ.

ಧೂಳಿನಿಂದ ಆಗುವ ಕೇಡು

ದಪ್ಪ ಚಕ್ಕೆ ನೆಲಕ್ಕೆ ಬೀಳುತ್ತದೆ. ತೇಲುವ ಧೂಳಿನಲ್ಲಿ ಸ್ವಲ್ಪ ಮೂಗಿನಲ್ಲೇ ಕೂರುತ್ತದೆ. ಇನ್ನೂ ನುಣ್ಣನೆಯದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎದೆಯೊಳಕ್ಕೆ ಇಳಿಯುವ ಕಣಗಳು 10 ಮೈಕ್ರಾನಿಗಿಂತ ಸಣ್ಣವು. ಅವು ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ.

ಇದರಿಂದ ನೆಗಡಿ, ಕಣ್ಣುರಿ, ಒಣ ಕೆಮ್ಮು ಮೊದಲಾಗಿ ಆಸ್ತಮಾದವರೆಗೆ ತೊಂದರೆಗಳು ಬರಬಹುದು. ತೇಗ, ಬೀಟೆ ಮರಗಳ ಧೂಳಿನಿಂದ ಕೆಲವರ ಚರ್ಮದಲ್ಲಿ ತುರಿಕೆ ಏಳುತ್ತದೆ. ಇಂಗ್ಲೆಂಡಿನ ಹೈ ವಿಕಂಬ್ ಎಂಬ ಊರು ಕುರ್ಚಿ, ಮೇಜುಗಳ ತಯಾರಿಕೆಗೆ ಹೆಸರಾದದ್ದು. ಅಲ್ಲಿಯ ಮರಗೆಲಸದವರಲ್ಲಿ ಮೂಗಿನೊಳಗಿನ ಕ್ಯಾನ್ಸರ್ ಹೆಚ್ಚಾಗಿರುವುದನ್ನು 1960ರ ದಶಕದಲ್ಲಿ ವೈದ್ಯರು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೆದರಿ ಕಸುಬು ಬಿಡಬೇಕಾಗಿಲ್ಲ. ವರ್ಷಾನುಗಟ್ಟಲೆ ಧೂಳು ಕುಡಿಯುವುದನ್ನು ಮಾತ್ರ ಬಿಡಬೇಕು.

ಡ್ರಮ್ಮು ಏಕೆ ಬೇಕು?

ಧೂಳು ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಅದರ ಫಿಲ್ಟರ್ ಬೇಗನೆ ಮರದ ಹೊಟ್ಟಿನಿಂದ ಕಟ್ಟಿಕೊಳ್ಳುತ್ತದೆ, ಎಳೆಯುವ ಶಕ್ತಿ ಇಳಿಯುತ್ತದೆ, ಧೂಳೆಲ್ಲ ಮತ್ತೆ ಕೋಣೆಗೇ ಹರಡುತ್ತದೆ. ಹೊಟ್ಟು ಫಿಲ್ಟರನ್ನು ಮುಟ್ಟುವ ಮೊದಲೇ ಅದನ್ನು ಬೇರ್ಪಡಿಸುವುದೇ ಈ ಡ್ರಮ್ಮಿನ ಕೆಲಸ.

ಇದರ ತತ್ವ ರೈತರಿಗೆ ಹೊಸದಲ್ಲ. ಕಣದಲ್ಲಿ ರಾಗಿ ತೂರುವಾಗ ಗಾಳಿ ಹೊಟ್ಟನ್ನು ಒಯ್ಯುತ್ತದೆ, ಕಾಳು ಕೆಳಗೆ ಬೀಳುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಮರಳು ದಿಬ್ಬಗಳನ್ನು ನೋಡಿ: ಹಗರಿ ಹೊಳೆಯ ಮರಳನ್ನು ಎತ್ತಿದ ಗಾಳಿ, ತನ್ನ ವೇಗ ಕುಗ್ಗಿದಲ್ಲಿ ಅದನ್ನು ಸುರಿದು ಹೋಗಿದೆ. ಇನ್ನು ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು, ಸುತ್ತುವ ಕಲ್ಲು ಹೊರಕ್ಕೆ ಜಗ್ಗುತ್ತದೆ. ಡ್ರಮ್ಮಿನೊಳಗೆ ಗಾಳಿ ಸುತ್ತುವಾಗ ಹೊಟ್ಟು ಹೀಗೆಯೇ ಹೊರಗಿನ ಗೋಡೆಗೆ ಸರಿದು, ವೇಗ ಕಳೆದುಕೊಂಡು ತಳ ಸೇರುತ್ತದೆ. ಹಗುರಾದ ಗಾಳಿ ನಡುವಿನ ಕೊಳವೆಯಿಂದ ಹೊರಹೋಗುತ್ತದೆ. ಅಕ್ಕಿ ಗಿರಣಿಯ ಮೇಲೆ ಕಾಣುವ ತಗಡಿನ ದೊಡ್ಡ ಆಲಿಕೆಯೂ ಇದೇ ಕೆಲಸ ಮಾಡುತ್ತದೆ.

ಬೇಕಾಗುವ ಸಾಮಾನು

ಬಿಗಿ ಮುಚ್ಚಳದ 20 ಲೀಟರಿನ ದಪ್ಪ ಪೇಂಟ್ ಬಕೆಟ್ ಅಥವಾ ಸಣ್ಣ ತಗಡಿನ ಡ್ರಮ್ಮು, ವ್ಯಾಕ್ಯೂಮ್ ಕ್ಲೀನರಿನ ಕೊಳವೆಗೆ ಹೊಂದುವ ಪಿವಿಸಿ ಪೈಪು, ಒಂದು ಎಲ್ಬೋ, 6 ಮಿ.ಮೀ. ದಪ್ಪದ ಪ್ಲೈವುಡ್ ತುಂಡು, ಉದ್ದನೆಯ ಮೂರು ಬೋಲ್ಟು, ನಟ್ಟುಗಳು, ಎಂ-ಸೀಲ್, ಹಳೆಯ ಸೈಕಲ್ ಟ್ಯೂಬು, ಸ್ವಲ್ಪ ತಾಮ್ರದ ತಂತಿ.

ಮಾಡುವ ವಿಧಾನ

1. ಮುಚ್ಚಳದ ನಟ್ಟನಡುವೆ ಒಂದು, ಅಂಚಿನ ಹತ್ತಿರ ಒಂದು, ಹೀಗೆ ಪೈಪಿನ ಅಳತೆಗೆ ಎರಡು ತೂತು ಕೊರೆಯಿರಿ.

2. ಅಂಚಿನ ತೂತಿನಲ್ಲಿ ಚಿಕ್ಕ ಪೈಪು ಇಳಿಸಿ, ಒಳಗಡೆ ಅದಕ್ಕೆ ಎಲ್ಬೋ ಜೋಡಿಸಿ. ಎಲ್ಬೋವಿನ ಬಾಯಿ ನಡುವಿಗೆ ನೋಡಬಾರದು, ಗೋಡೆಯ ಗುಂಟ ನೋಡಬೇಕು. ಗಾಳಿ ಸುತ್ತುವುದು ಇದರಿಂದಲೇ.

3. ಬಕೆಟ್ಟಿನೊಳಗೆ, ಮುಚ್ಚಳದಿಂದ 10 ಸೆಂ.ಮೀ. ಕೆಳಗೆ ಎಷ್ಟು ಅಗಲವಿದೆಯೋ ಅಷ್ಟೇ ಅಗಲದ ದುಂಡು ತಟ್ಟೆಯನ್ನು ಪ್ಲೈವುಡ್ಡಿನಲ್ಲಿ ಕತ್ತರಿಸಿ. ಅದರ ಸುತ್ತಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಅಂಚನ್ನು ಸುಮಾರು 3 ಸೆಂ.ಮೀ. ಕೊರೆದು ತೆಗೆಯಿರಿ. ಉಳಿದ ಒಂದು ಪಾಲು ಗೋಡೆಗೆ ತಾಗಿರಲಿ.

4. ಈ ತಟ್ಟೆಯನ್ನು ಮೂರು ಬೋಲ್ಟುಗಳಿಂದ ಮುಚ್ಚಳಕ್ಕೆ ತೂಗುಹಾಕಿ. ಕೊರೆಯದ ಪಾಲು ಎಲ್ಬೋವಿನ ಕೆಳಗೆ ಬರಲಿ. ಹೊಟ್ಟು ಕೊರೆದ ಸಂದಿನಿಂದ ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಸುಳಿ ಮತ್ತೆ ಎತ್ತದಂತೆ ತಟ್ಟೆ ತಡೆಯುತ್ತದೆ.

5. ನಡುವಿನ ಪೈಪನ್ನು ತಟ್ಟೆಗಿಂತ 2.5 ಸೆಂ.ಮೀ. ಮೇಲೆ ನಿಲ್ಲುವಷ್ಟು ಇಳಿಸಿ. ಇದಕ್ಕೆ ವ್ಯಾಕ್ಯೂಮ್ ಕ್ಲೀನರನ್ನೂ, ಅಂಚಿನ ಪೈಪಿಗೆ ಯಂತ್ರದಿಂದ ಬರುವ ಕೊಳವೆಯನ್ನೂ ಜೋಡಿಸಿ.

6. ಸಂದುಗಳಿಗೆಲ್ಲ ಎಂ-ಸೀಲ್ ತುಂಬಿ. ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಕೂರಿಸಿ. ಗಾಳಿ ಸೋರಿದರೆ ತಳದ ಹೊಟ್ಟು ಮೇಲೇಳುತ್ತದೆ.

ಮುಗಿದ ಮೇಲೆ 1 ಕಿಲೋ ಒಣ ಹೊಟ್ಟು ತೂಗಿ ಎಳೆಸಿ ನೋಡಿ. ಡ್ರಮ್ಮಿನಲ್ಲಿ 950 ಗ್ರಾಂ ಆಸುಪಾಸು ಸಿಕ್ಕರೆ ಕೆಲಸ ಚೆನ್ನಾಗಿ ಆಗಿದೆ. ತೀರಾ ಕಡಿಮೆಯಾದರೆ ಮೊದಲು ಸೋರಿಕೆ ಹುಡುಕಿ.

ಎಚ್ಚರಿಕೆಗಳು

ಕೊಳವೆ ಕಟ್ಟಿಕೊಂಡರೆ ಬಕೆಟ್ಟು ಒಳಕ್ಕೆ ಕುಸಿಯುತ್ತದೆ. ತಕ್ಷಣ ಮೋಟಾರು ನಿಲ್ಲಿಸಿ. ಅರ್ಧ ತುಂಬಿದೊಡನೆ ಖಾಲಿ ಮಾಡಿ. ನಮ್ಮ ಒಣ ಹವೆಯಲ್ಲಿ ಪ್ಲಾಸ್ಟಿಕ್ ಕೊಳವೆ ಮುಟ್ಟಿದರೆ ಚುರುಕ್ಕೆನ್ನುವ ವಿದ್ಯುತ್ತು ಹುಟ್ಟುತ್ತದೆ. ತಾಮ್ರದ ತಂತಿಯನ್ನು ಕೊಳವೆಯ ಉದ್ದಕ್ಕೂ ಎಳೆದು ಅರ್ಥಿಂಗಿಗೆ ಸೇರಿಸಿ. ಬೀಡಿಯ ತುಂಡು, ಕಬ್ಬಿಣ ಉಜ್ಜುವಾಗಿನ ಕಿಡಿ ಇದರೊಳಗೆ ಹೋಗಬಾರದು. ಹೊಟ್ಟಿಗೆ ಬೆಂಕಿ ಹತ್ತಿದರೆ ಒಳಗೊಳಗೇ ಉರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಡ್ರಮ್ಮು ಹಿಡಿಯುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಹೊಟ್ಟನ್ನು. ಉಳಿದ 50 ಗ್ರಾಮಿನಲ್ಲೇ ಎದೆಗೆ ಇಳಿಯುವ ಧೂಳಿರುತ್ತದೆ. ಡ್ರಮ್ಮು ತುಂಬಿತೆಂದು ಎದೆ ಉಳಿಯಿತು ಎಂದುಕೊಳ್ಳಬೇಡಿ. ವ್ಯಾಕ್ಯೂಮ್ ಕ್ಲೀನರಿಗೆ ನುಣುಪಾದ ಫಿಲ್ಟರ್ ಹಾಕಿ, ಅದರಿಂದ ಬರುವ ಗಾಳಿಯನ್ನು ಕೊಳವೆಯ ಮೂಲಕ ಹೊರಗೆ, ಮನೆಯ ಬಾಗಿಲಿಗೆ ದೂರವಾಗಿ ಬಿಡಿ. ಎಳೆಯುವ ಬಾಯಿ ಗರಗಸದ ಹಲ್ಲಿಗೆ ಆದಷ್ಟು ಹತ್ತಿರವಿರಲಿ. ಟವಲ್ ಸುತ್ತಿಕೊಂಡರೆ ಸಾಲದು, ಎನ್-95 ಮಾಸ್ಕ್ ಬೇಕು. ನೆಲವನ್ನು ನೀರು ಚಿಮುಕಿಸಿ ಗುಡಿಸಿ. ಸಂಜೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಇನ್ನೂ ಎಷ್ಟು ಧೂಳು ತೇಲುತ್ತಿದೆ ಎಂಬುದು ನಿಮಗೇ ಕಾಣುತ್ತದೆ.

ಕೆಲಸದ ದಿನ ಹೆಚ್ಚಾಗಿ, ರಜೆಯ ದಿನ ಇಳಿಯುವ ಉಬ್ಬಸ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಳ್ಳುವುದು, ರಕ್ತ ಬರುವುದು. ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಿ, ಮರಗೆಲಸ ಮಾಡುವುದನ್ನು ತಪ್ಪದೆ ಹೇಳಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ.

ಹೊಟ್ಟನ್ನು ಏನು ಮಾಡಬೇಕು?

ಹಸಿ ಹೊಟ್ಟನ್ನು ನೇರವಾಗಿ ಹೊಲಕ್ಕೆ ಹಾಕಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಿಂದು ರಾಗಿ, ಟೊಮೇಟೊ ಪೈರು ಹಳದಿಯಾಗುತ್ತದೆ. ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ಮೇಲೆ ಸಗಣಿಯೊಡನೆ ತಿಪ್ಪೆಗೆ ಹಾಕಿ. ತಿಂಗಳುಗಟ್ಟಲೆ ಚೆನ್ನಾಗಿ ಕಳಿತ ಮೇಲೆ ಒಳ್ಳೆಯ ಗೊಬ್ಬರ. ಆದರೆ ಪ್ಲೈವುಡ್, ಬಣ್ಣ ಹಚ್ಚಿದ ಮರ, ಗೆದ್ದಲಿನ ಔಷಧಿ ಹೊಡೆದ ಮರ ಇವುಗಳ ಹೊಟ್ಟು ದನಕ್ಕೂ ಬೇಡ, ಕೋಳಿಗೂ ಬೇಡ, ಒಲೆಗೂ ಬೇಡ. ರೇಷ್ಮೆ ಸಾಕುವವರು ಈ ಧೂಳು ಹುಳುಮನೆಗೆ, ಹಿಪ್ಪುನೇರಳೆ ಸೊಪ್ಪಿಗೆ ತಾಗದಂತೆ ನೋಡಿಕೊಳ್ಳಬೇಕು.

ಒಂದು ಬಿಡುವಿನ ದಿನದಲ್ಲಿ ಮುಗಿಯುವ ಕೆಲಸವಿದು. ಬೇರೆಯವರ ಮನೆಗೆ ಬಾಗಿಲು ಮಾಡಿಕೊಡುವ ಕೈಗಳು, ತಮ್ಮ ಮನೆಯವರ ಉಸಿರಿಗಾಗಿ ಈ ಒಂದು ಡ್ರಮ್ಮನ್ನೂ ಮಾಡಿಕೊಳ್ಳಲಿ.