ಸಂಗೀತ ತಂಬೋಲಾ: ಅಂಕಿಯ ಜಾಗಕ್ಕೆ ಹಾಡು ಬಂದಾಗ

ಮೈಕಿನಲ್ಲಿ ‘ಎಂಟು ಎಂಟು, ಎಂಬತ್ತೆಂಟು’ ಎಂದು ಕೂಗುವ ದನಿ, ಟಿಕೆಟ್ಟು-ಪೆನ್ಸಿಲು ಹಿಡಿದು ತಲೆ ತಗ್ಗಿಸಿ ಕುಳಿತ ಜನ, ಹಿಂದಿನ ಸಾಲಿನಿಂದ ಇದ್ದಕ್ಕಿದ್ದಂತೆ ‘ಹೌಸಿ’ ಎಂಬ ಉದ್ಗಾರ. ಕ್ಲಬ್ಬು, ಮಹಿಳಾ ಸಮಾಜ, ಕಚೇರಿಯ ವಾರ್ಷಿಕ ಕೂಟ, ಅಪಾರ್ಟ್‌ಮೆಂಟಿನ ಹೊಸ ವರ್ಷದ ಸಂಜೆಗಳಲ್ಲಿ ನಗರವಾಸಿಗಳಿಗೆ ತಂಬೋಲಾ ಚಿರಪರಿಚಿತ. ಅದೇ ಆಟದಲ್ಲಿ ಅಂಕಿಯನ್ನು ತೆಗೆದು ಹಾಡನ್ನು ಕೂರಿಸಿದರೆ ಅದು ಸಂಗೀತ ತಂಬೋಲಾ. ವಿದೇಶಗಳ ಪಬ್ಬುಗಳಲ್ಲಿ ಇದನ್ನು ಮ್ಯೂಸಿಕ್ ಬಿಂಗೊ ಎನ್ನುತ್ತಾರೆ.

ಆಟ ಸರಳ. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಟಿ; ಅದರಲ್ಲಿ ನಾಲ್ಕು ಸಾಲು, ನಾಲ್ಕು ಕಂಬ, ಒಟ್ಟು 16 ಮನೆ. ಒಂದೊಂದು ಮನೆಯಲ್ಲಿ ಒಂದು ಹಾಡಿನ ಹೆಸರು. ನಿರೂಪಕರು ಹಾಡಿನ ತುಣುಕೊಂದನ್ನು ಅರ್ಧ ನಿಮಿಷ ಕೇಳಿಸುತ್ತಾರೆ, ಹೆಸರು ಹೇಳುವುದಿಲ್ಲ. ಗುರುತಿಸಿದವರು ತಮ್ಮ ಚೀಟಿಯಲ್ಲಿ ಅದು ಇದ್ದರೆ ಗುರುತು ಹಾಕಿಕೊಳ್ಳುತ್ತಾರೆ. ಮೊದಲು ಸಾಲು ತುಂಬಿದವರಿಗೊಂದು ಬಹುಮಾನ, ಇಡೀ ಚೀಟಿ ತುಂಬಿದವರಿಗೆ ದೊಡ್ಡ ಬಹುಮಾನ.

ಇಷ್ಟು ಸರಳವಾದ ಆಟವೂ ನೆಲ ಕಚ್ಚುವುದುಂಟು. ಇಪ್ಪತ್ತು ಹಾಡಿನೊಳಗೆ ಹತ್ತು ಮಂದಿ ಒಟ್ಟಿಗೆ ಎದ್ದುನಿಂತು ಇರುವ ಒಂದೇ ಬಹುಮಾನಕ್ಕೆ ಕೈಚಾಚುವುದು, ಇಲ್ಲವೇ ಹಾಡು ಮುಗಿಯದೆ ಎಳೆದಾಡಿ, ಹಿರಿಯರು ಚೀಟಿಯನ್ನು ಮಡಚಿಟ್ಟು ಊಟದ ಕೋಣೆಯತ್ತ ನಡೆಯುವುದು. ಎರಡಕ್ಕೂ ಕಾರಣ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಒಂದೇ: ಹಾಡಿನ ಪಟ್ಟಿ.

ಇಪ್ಪತ್ತು ಸಾಲದು, ನಲವತ್ತು ಬೇಕು

ಲೆಕ್ಕವನ್ನೇ ನೋಡೋಣ. ಕೂಟದಲ್ಲಿ 50 ಜನ. ಪಟ್ಟಿಯಲ್ಲಿ ಬರೀ 20 ಹಾಡು ಎಂದಿಟ್ಟುಕೊಳ್ಳಿ. ಅದರಲ್ಲಿ 16 ಒಬ್ಬರ ಚೀಟಿಯಲ್ಲಿವೆ, ನಾಲ್ಕು ಇಲ್ಲ. 19 ಹಾಡು ಮುಗಿದಾಗ ಉಳಿಯುವುದು ಒಂದೇ ಹಾಡು. ಆ ಒಂದು ಹಾಡು ಚೀಟಿಯಲ್ಲಿಲ್ಲದ ನಾಲ್ಕರಲ್ಲೊಂದಾಗಿರುವ ಸಂಭವ ಐದರಲ್ಲಿ ಒಂದು. ಅಂದರೆ ಐವತ್ತು ಜನರಲ್ಲಿ ಸರಾಸರಿ ಹತ್ತು ಮಂದಿಯ ಚೀಟಿ ಅಷ್ಟರಲ್ಲಿ ತುಂಬಿಹೋಗಿರುತ್ತದೆ. ಗೆದ್ದವರು ಯಾರೆಂಬ ಜಗಳ ಹುಟ್ಟುವುದು ಇಲ್ಲಿಯೇ.

ಪಟ್ಟಿಯನ್ನು 40ಕ್ಕೆ ಏರಿಸಿದರೆ ಚಿತ್ರ ಬದಲಾಗುತ್ತದೆ. ಎಲ್ಲರೂ ಎಲ್ಲ ಹಾಡನ್ನೂ ಗುರುತಿಸುತ್ತಾರೆಂದು ಭಾವಿಸಿದರೆ, ಐವತ್ತು ಚೀಟಿಗಳಲ್ಲಿ ಮೊದಲ ಅಡ್ಡಸಾಲು ತುಂಬುವುದು ಸುಮಾರು 11ನೇ ಹಾಡಿನ ಆಸುಪಾಸಿನಲ್ಲಿ. ಮೊದಲ ಪೂರ್ಣ ಚೀಟಿ 32 ಅಥವಾ 33ನೇ ಹಾಡಿನ ಹೊತ್ತಿಗೆ. ಹಾಡಿಗೊಂದು ನಿಮಿಷದಂತೆ ಹಿಡಿದರೆ ಅರ್ಧ ಗಂಟೆಯ ಆಟ. ಊಟಕ್ಕೆ ಮುಂಚಿನ ಬಿಡುವಿಗೆ ಇದು ಹೇಳಿ ಮಾಡಿಸಿದಂತಿದೆ. ಅಮೆರಿಕದ ಬಿಂಗೊ ಮಾದರಿಯಲ್ಲಿ 75 ಹಾಡು ಸೇರಿಸಿ ಐದೈದು ಮನೆಯ ಚೀಟಿ ಮಾಡುವ ಉತ್ಸಾಹಿಗಳೂ ಇದ್ದಾರೆ. ಅಂಥ ಆಟ ಗಂಟೆ ದಾಟುತ್ತದೆ. ಮಕ್ಕಳಿರುವ ಕೂಟಕ್ಕೆ ಅದು ಹೊರೆ.

ಯಾರ ಕಾಲದ ಹಾಡು?

ಸಂಖ್ಯೆಗಿಂತ ಕಠಿಣವಾದ ಪ್ರಶ್ನೆ ಇದು. ಅಂಕಿಯ ತಂಬೋಲಾದಲ್ಲಿ ಎಂಬತ್ತರ ಅಜ್ಜಿಗೂ ಎಂಟರ ಮೊಮ್ಮಗನಿಗೂ 47 ಎಂದರೆ 47. ಹಾಡಿನಲ್ಲಿ ಆ ಸಮಾನತೆ ಇಲ್ಲ. ಪಟ್ಟಿ ಮಾಡುವ ಹೊಣೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಬಲ್ಲ ಯುವಕರದು. ಅವರ ಫೋನಿನಲ್ಲಿರುವುದೇ ಪಟ್ಟಿಗೆ ಬರುತ್ತದೆ. 2016ರ ‘ಕಿರಿಕ್ ಪಾರ್ಟಿ’ಯಿಂದ ಈಚೆಯದೇ ತುಂಬಿದ್ದರೆ, 1972ರ ‘ಬಂಗಾರದ ಮನುಷ್ಯ’ವನ್ನು ಟೆಂಟಿನಲ್ಲಿ ಕುಳಿತು ನೋಡಿದವರು ಮೊದಲ ಹತ್ತು ನಿಮಿಷದಲ್ಲೇ ಪ್ರೇಕ್ಷಕರಾಗುತ್ತಾರೆ. ಸೋತದ್ದಕ್ಕೆ ಅವರಿಗೆ ಬೇಸರವಿಲ್ಲ, ಆಡಲಿಕ್ಕೇ ಆಗಲಿಲ್ಲವಲ್ಲ ಎಂಬುದು ಬೇಸರ.

ಪರಿಹಾರ ಬಿಂಗೊ ಚೀಟಿಯಲ್ಲಿಯೇ ಅಡಗಿದೆ. ಅಮೆರಿಕದ ಚೀಟಿಯಲ್ಲಿ ಮೊದಲ ಕಂಬಕ್ಕೆ 1ರಿಂದ 15, ಎರಡನೆಯದಕ್ಕೆ 16ರಿಂದ 30 ಎಂದು ಅಂಕಿಗಳು ಹಂಚಿಕೆಯಾಗಿರುತ್ತವೆ. ಹಾಗೆಯೇ ನಾಲ್ಕು ಕಂಬಗಳನ್ನು ನಾಲ್ಕು ಕಾಲಕ್ಕೆ ಮೀಸಲಿಡಬಹುದು. ಜಿ.ಕೆ.ವೆಂಕಟೇಶ್, ವಿಜಯಭಾಸ್ಕರ್, ಎಂ.ರಂಗರಾವ್ ಅವರ ಕಾಲಕ್ಕೊಂದು, 1987ರ ‘ಪ್ರೇಮಲೋಕ’ದಿಂದ ಮನೆಮಾತಾದ ಹಂಸಲೇಖ ಯುಗಕ್ಕೊಂದು, 2006ರ ‘ಮುಂಗಾರು ಮಳೆ’ಯ ನಂತರದ ದಶಕಕ್ಕೊಂದು, ಈಚಿನದಕ್ಕೊಂದು. ಪ್ರತಿ ಕಾಲದಿಂದ ಹತ್ತು ಹಾಡು, ಪ್ರತಿ ಚೀಟಿಗೆ ಅದರಲ್ಲಿ ನಾಲ್ಕು. ಭಾವಗೀತೆ ಬಲ್ಲವರ ಕೂಟವಾದರೆ ಮೈಸೂರು ಅನಂತಸ್ವಾಮಿ, ಸಿ.ಅಶ್ವತ್ಥ್ ಅವರಿಗೂ ಎಡೆ ಮಾಡಬೇಕಾದೀತು.

ಹೀಗೆ ಮಾಡಿದ ಮೇಲೆ ಬಹುಮಾನವನ್ನು ಅಡ್ಡಸಾಲಿಗೆ ಮಾತ್ರ ಕೊಡಬೇಕು, ಉದ್ದ ಕಂಬಕ್ಕೆ ಕೊಡಬಾರದು. ಕಂಬಕ್ಕೆ ಕೊಟ್ಟರೆ ಒಂದೇ ಕಾಲದ ಹಾಡು ಬಲ್ಲವರು ಗೆದ್ದುಬಿಡುತ್ತಾರೆ. ಅಡ್ಡಸಾಲಿನಲ್ಲಿ ನಾಲ್ಕೂ ಕಾಲದ ಒಂದೊಂದು ಹಾಡು ಇರುವುದರಿಂದ ಪಕ್ಕದವರನ್ನು ಕೇಳದೆ ವಿಧಿಯಿಲ್ಲ. ಅಜ್ಜಿ ಮೊಮ್ಮಗಳಿಗೆ ಒಂದು ಹೇಳಿಕೊಡುತ್ತಾರೆ, ಮೊಮ್ಮಗಳು ಅಜ್ಜಿಗೆ ಒಂದು. ಪಿಸುಮಾತನ್ನು ನಿಷೇಧಿಸುವ ನಿರೂಪಕರೂ ಉಂಟು. ಪರೀಕ್ಷಾ ಕೊಠಡಿಯಲ್ಲದ ಕಡೆ ಆ ಶಿಸ್ತು ಯಾಕೆ ಎಂಬುದು ತಿಳಿಯದು.

ಪಲ್ಲವಿಯೋ, ವಾದ್ಯವೋ

ಕನ್ನಡ ಚಿತ್ರಗೀತೆಗಳಿಗೆ ಸಾಮಾನ್ಯವಾಗಿ ಪಲ್ಲವಿಯ ಮೊದಲ ಪದಗಳೇ ಹೆಸರು. ಹೀಗಾಗಿ ಪಲ್ಲವಿಯಿಂದಲೇ ಹಾಡು ಆರಂಭಿಸಿದರೆ, ಅದನ್ನು ಎಂದೂ ಕೇಳದವರೂ ಕಿವಿಗೆ ಬಿದ್ದ ಪದವನ್ನು ಚೀಟಿಯಲ್ಲಿ ಓದಿ ಹುಡುಕಬಲ್ಲರು. ಆರಂಭದ ವಾದ್ಯಸಂಗೀತವನ್ನಷ್ಟೇ ಕೇಳಿಸಿದರೆ ಅದು ನೆನಪಿನ ಪರೀಕ್ಷೆ. ಎರಡನ್ನೂ ಬೆರೆಸುವುದು ಜಾಣತನ: ಮೊದಲು 15 ಸೆಕೆಂಡು ವಾದ್ಯ, ಆಮೇಲೆ ಪಲ್ಲವಿ. ಮೊದಲೇ ಹೊಳೆದವರಿಗೆ ಬೀಗುವ ಸಂತೋಷ, ಉಳಿದವರಿಗೆ ಆಟದಲ್ಲಿ ಉಳಿಯುವ ಅವಕಾಶ. ಕನ್ನಡ ಓದಲು ಬಾರದ ನೆರೆಹೊರೆಯವರಿದ್ದರೆ ಹಾಡಿನ ಜತೆಗೆ ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಮುದ್ರಿಸುವುದು ಒಳಿತು.

ಭಾಷೆಗಳು ಬೆರೆತಾಗ ಇನ್ನೊಂದು ತೊಡಕು. ಇಳಯರಾಜ 1981ರ ಕನ್ನಡದ ‘ಗೀತಾ’ ಚಿತ್ರದ ಜನಪ್ರಿಯ ಯುಗಳಗೀತೆಯ ರಾಗವನ್ನೇ ಮುಂದೆ ತಮಿಳಿನಲ್ಲೂ, 2007ರ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲೂ ಬಳಸಿದರು. ವಾದ್ಯವನ್ನಷ್ಟೇ ಕೇಳಿ ಇಬ್ಬರು ಎರಡು ಭಾಷೆಯ ಹೆಸರು ಹೇಳಿದರೆ ಇಬ್ಬರೂ ತಪ್ಪಲ್ಲ! ಇಂಥ ಹಾಡನ್ನು ಪಟ್ಟಿಯಲ್ಲಿ ಒಮ್ಮೆ ಮಾತ್ರ ಇಡಬೇಕು. ಅಂಕಿಯ ತಂಬೋಲಾದಲ್ಲಿ ತಪ್ಪಾಗಿ ಕೂಗಿದವರ ಟಿಕೆಟ್ಟನ್ನು ‘ಬೋಗಿ’ ಎಂದು ರದ್ದುಪಡಿಸುವ ರೂಢಿಯಿದೆ. ಹಾಡಿನ ಆಟಕ್ಕೆ ಅದು ಕ್ರೂರ. ತಪ್ಪು ಗುರುತನ್ನು ಅಳಿಸಿ ಆಟ ಮುಂದುವರಿಸಿದರೆ ಸಾಕು.

ಹಣ ಬಂದರೆ ಕಾನೂನೂ ಬರುತ್ತದೆ

ಟಿಕೆಟ್ಟಿಗೆ ನೂರು ರೂಪಾಯಿ ವಸೂಲು ಮಾಡಿ, ಅದೇ ಮೊತ್ತವನ್ನು ಗೆದ್ದವರಿಗೆ ಹಂಚುವುದು ಹಳೆಯ ಅಭ್ಯಾಸ. ಅದೃಷ್ಟದ ಆಟಕ್ಕೆ ಹಣ ಪಣವಿಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ದೃಷ್ಟಿಯಲ್ಲಿ ಜೂಜು. ಕೌಶಲದ ಆಟಕ್ಕೆ ವಿನಾಯಿತಿಯಿದೆ. ಹಾಡು ಗುರುತಿಸುವುದು ಕೌಶಲವಾದರೂ, ಯಾರಿಗೆ ಯಾವ ಚೀಟಿ, ಯಾವ ಹಾಡು ಮೊದಲು ಎಂಬುದು ಅದೃಷ್ಟವೇ. ಚೀಟಿ ಉಚಿತವಾಗಿ ಕೊಟ್ಟು, ಸಂಘದ ನಿಧಿಯಿಂದ ಡಬ್ಬಿಯನ್ನೋ ಪುಸ್ತಕವನ್ನೋ ಬಹುಮಾನವಾಗಿಟ್ಟರೆ ಈ ತರ್ಕದ ಗೊಡವೆಯೇ ಇಲ್ಲ. ಫೋನಿನಲ್ಲಿ ಹಣ ಕಟ್ಟಿಸಿಕೊಂಡು ಆನ್‌ಲೈನಿನಲ್ಲಿ ಆಡಿಸುವವರಂತೂ ಎಚ್ಚರದಿಂದಿರಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದು, ಅದು ಕೌಶಲ-ಅದೃಷ್ಟ ಎಂಬ ಭೇದ ಮಾಡುವುದಿಲ್ಲ.

ಹಾಡಿನ ಹಕ್ಕುಸ್ವಾಮ್ಯದ ವಿಚಾರವೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ವಸತಿ ಸಮುಚ್ಚಯದ ನಿವಾಸಿಗಳ ಬಳಕೆಗೆಂದೇ ಇರುವ ಮುಚ್ಚಿದ ಸಭಾಂಗಣದಲ್ಲಿ ಅವರಿಗಾಗಿ ಧ್ವನಿಮುದ್ರಿಕೆ ಕೇಳಿಸುವುದಕ್ಕೂ, ಲಾಭದ ಉದ್ದೇಶವಿಲ್ಲದ ಕ್ಲಬ್ಬಿನ ಚಟುವಟಿಕೆಗೂ ವಿನಾಯಿತಿ ನೀಡಿದೆ. ಮದುವೆಯ ಸಂಭ್ರಮಗಳಿಗೆ ಪ್ರತ್ಯೇಕ ವಿನಾಯಿತಿಯುಂಟು. ಹೋಟೆಲು, ಪಬ್ಬುಗಳು ಈ ನೆರಳಿನಲ್ಲಿ ಬರುವುದಿಲ್ಲ. ಅಲ್ಲಿ ಪರವಾನಗಿ ಬೇಕು. ಕಚೇರಿಯವರು ಹೋಟೆಲಿನಲ್ಲಿ ಕೂಟ ಏರ್ಪಡಿಸುವುದಾದರೆ ಪರವಾನಗಿ ಯಾರ ಹೊಣೆ ಎಂಬುದನ್ನು ಮುಂಗಡ ಕೊಡುವಾಗಲೇ ಕೇಳಿಕೊಳ್ಳಬೇಕು.

2020ರ ಲಾಕ್‌ಡೌನ್ ದಿನಗಳಲ್ಲಿ ತಂಬೋಲಾ ವಿಡಿಯೊ ಕರೆಗೂ ಏರಿತು. ದೂರದೇಶದ ಮಕ್ಕಳು, ಊರಿನ ತಂದೆತಾಯಿ ಒಟ್ಟಿಗೆ ಹಾಡಿನ ಆಟವಾಡಲು ಇಂದಿಗೂ ಇದು ಸುಲಭದ ದಾರಿ. ಆದರೆ ಫೋನನ್ನು ಸ್ಪೀಕರಿನ ಮುಂದೆ ಹಿಡಿದರೆ, ಗದ್ದಲ ತಗ್ಗಿಸುವ ತಂತ್ರಾಂಶ ಸಂಗೀತವನ್ನೇ ಗದ್ದಲವೆಂದು ಭಾವಿಸಿ ಕತ್ತರಿಸಿಬಿಡುತ್ತದೆ. ಕಂಪ್ಯೂಟರಿನ ಧ್ವನಿಯನ್ನೇ ಹಂಚಿಕೊಳ್ಳುವ ಆಯ್ಕೆಯನ್ನು ಒತ್ತಬೇಕು. ದನಿ ಒಬ್ಬೊಬ್ಬರಿಗೆ ಒಂದೊಂದು ಕ್ಷಣ ತಡವಾಗಿ ತಲುಪುವುದರಿಂದ ಮೊದಲು ಕೂಗಿದವರೇ ಗೆದ್ದವರು ಎಂಬ ನಿಯಮ ಇಲ್ಲಿ ಅನ್ಯಾಯ. ಒಂದೇ ಹಾಡಿಗೆ ಚೀಟಿ ತುಂಬಿದವರೆಲ್ಲರನ್ನೂ ಸಮವೆಂದು ಎಣಿಸಿ, ಪಟ್ಟಿಯ ಹೊರಗೆ ಎತ್ತಿಟ್ಟ ಒಂದೆರಡು ಹಾಡುಗಳ ವಾದ್ಯ ಕೇಳಿಸಿ, ಚಿತ್ರದ ಹೆಸರನ್ನು ಬರೆದು ತೋರಿಸಲು ಹೇಳಿದರೆ ಗೆಲುವು ತೀರ್ಮಾನವಾಗುತ್ತದೆ.