ದಂತವೈದ್ಯ ವೃತ್ತಿಯಲ್ಲಿ ತರಬೇತಿಯ ಆಯ್ಕೆ: ಒಂದು ಐತಿಹಾಸಿಕ ವಿವೇಚನೆ

ಧಾರವಾಡ-ಹುಬ್ಬಳ್ಳಿಗಳಿಂದ ಹಾವೇರಿಯ ಮಾರ್ಗವಾಗಿ ದಾವಣಗೆರೆಗೆ ಹೋಗುವ ರೈಲುದಾರಿಯಲ್ಲಿ ಸವಣೂರು ತಾಲೂಕಿನ ಯಲವಿಗಿ ಒಂದು ನಿಲ್ದಾಣ. ಈ ದಾರಿಯ ಒಂದು ಕಡೆ, ಧಾರವಾಡದ ಸತ್ತೂರಿನಲ್ಲಿ, ೧೯೮೬ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ಇನ್ನೊಂದು ಕಡೆ, ದಾವಣಗೆರೆಯಲ್ಲಿ, ೧೯೭೯ರಲ್ಲಿ ಸ್ಥಾಪಿತವಾದ ಬಾಪೂಜಿ ದಂತವೈದ್ಯಕೀಯ ಮಹಾವಿದ್ಯಾಲಯವಿದೆ. ಇವೆರಡರ ನಡುವಣ ಊರುಗಳಲ್ಲಿ ವೃತ್ತಿ ನಡೆಸುವವರಿಗೆ ಪದವಿ ದೊರೆಯುವ ಸ್ಥಳ ಇಂದು ದೂರದ್ದಲ್ಲ. ಆದರೆ ಪದವಿಯ ಅನಂತರ ಅವರು ಪಡೆಯಬೇಕಾದ ತರಬೇತಿ ಯಾವುದು, ಅದನ್ನು ಯಾವ ಒರೆಗಲ್ಲಿಗೆ ಹಚ್ಚಿ ಆರಿಸಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇದನ್ನು ವೃತ್ತಿಯೊಂದರ ಚರಿತ್ರೆಯ ಪ್ರಶ್ನೆಯೆಂದು ತಿಳಿದು ಇಲ್ಲಿ ಪರಿಶೀಲಿಸಲೆತ್ನಿಸಿದ್ದೇವೆ.

೧. ಅನುಭವದಿಂದ ಪದವಿಯವರೆಗೆ

ಬಹುಕಾಲ ಹಲ್ಲಿನ ಚಿಕಿತ್ಸೆ ಎಲ್ಲ ದೇಶಗಳಲ್ಲಿಯೂ ಕೈಕೆಲಸವಾಗಿದ್ದಿತು. ಗುರುವಿನ ಬಳಿ ನಿಂತು, ನೋಡಿ, ಮಾಡಿ ಕಲಿಯುವುದೇ ಅದರ ಪದ್ಧತಿ. ಫ್ರಾನ್ಸಿನ ಪಿಯೆರ್ ಫೊಶಾರ್ ೧೭೨೮ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ ಈ ಕೆಲಸಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟನು. ೧೮೪೦ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಪ್ರಪಂಚದ ಮೊದಲ ದಂತವೈದ್ಯ ಕಾಲೇಜು ಆರಂಭವಾಯಿತು. ನಮ್ಮ ದೇಶದಲ್ಲಿ ಡಾ. ಆರ್. ಅಹಮದರು ೧೯೨೦ರಲ್ಲಿ ಕಲಕತ್ತೆಯಲ್ಲಿ ಇಂಥದೊಂದು ಕಾಲೇಜನ್ನು ಸ್ಥಾಪಿಸಿದರು. ಮುಂಬಯಿಯ ನಾಯರ್ ಆಸ್ಪತ್ರೆಯ ದಂತ ಕಾಲೇಜು ೧೯೩೩ರದು. ಕನ್ನಡ ನಾಡಿನಲ್ಲಿ ಬೆಂಗಳೂರಿನ ಸರಕಾರಿ ದಂತ ಕಾಲೇಜು ೧೯೫೮ರಲ್ಲಿಯೂ, ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಹುಟ್ಟಿದವು. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಸೀಮೆಯ ತರುಣನೊಬ್ಬನು ಆ ದಿನಗಳಲ್ಲಿ ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬಯಸಿದರೆ ಮುಂಬಯಿಯಂಥ ದೂರದ ನಗರಕ್ಕೆ ಹೋಗಬೇಕಾಗಿದ್ದಿತೆಂಬುದು ಇದರಿಂದ ವಿದಿತವಾಗುತ್ತದೆ.

೧೯೪೮ರ ದಂತವೈದ್ಯರ ಕಾಯಿದೆಯು ಈ ಚರಿತ್ರೆಯ ಸಂಧಿಸ್ಥಾನ. ಅದು ದಂತವೈದ್ಯರ ದಾಖಲೆ ಪುಸ್ತಕವನ್ನು ಎರಡು ಭಾಗ ಮಾಡಿತು. ಮಾನ್ಯವಾದ ಪದವಿಯುಳ್ಳವರು ‘ಎ’ ಭಾಗಕ್ಕೂ, ಪದವಿಯಿಲ್ಲದಿದ್ದರೂ ಕನಿಷ್ಠ ಐದು ವರ್ಷ ಈ ವೃತ್ತಿಯಿಂದಲೇ ಜೀವನ ನಡೆಸಿದ್ದವರು ‘ಬಿ’ ಭಾಗಕ್ಕೂ ಸೇರಿದರು. ಇಂಗ್ಲೆಂಡಿನ ೧೯೨೧ರ ಕಾಯಿದೆಯೂ ಹಳೆಯ ವೃತ್ತಿಗಾರರಿಗೆ ಇಂಥದೇ ಅವಕಾಶವನ್ನು ಕೊಟ್ಟಿತ್ತು. ಅನುಭವವನ್ನು ಕಾನೂನು ಒಮ್ಮೆ ಗೌರವಿಸಿ, ಮುಂದಿನ ಪೀಳಿಗೆಗೆ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಅರ್ಹತೆಯ ಅಳತೆಗೋಲು ಪ್ರಮಾಣಪತ್ರವಾಯಿತು.

ಇದೇ ಕಾಯಿದೆಯ ಇನ್ನೊಂದು ಅಂಶ ಗಮನಾರ್ಹವಾದುದು. ವೈದ್ಯರಲ್ಲದೆ, ಹಲ್ಲುಗಳನ್ನು ಶುಚಿಗೊಳಿಸಿ ದಂತರಕ್ಷಣೆಯನ್ನು ಬೋಧಿಸುವ ಹೈಜೀನಿಸ್ಟರಿಗೂ, ಕಟ್ಟುಹಲ್ಲುಗಳನ್ನು ತಯಾರಿಸುವ ಮೆಕ್ಯಾನಿಕರಿಗೂ ಅದು ಬೇರೆ ಬೇರೆ ದಾಖಲೆಗಳನ್ನು ಏರ್ಪಡಿಸಿತು. ದಂತಚಿಕಿತ್ಸೆ ಒಬ್ಬರ ಕೆಲಸವಲ್ಲವೆಂಬುದನ್ನು ಕಾನೂನು ಆಗಲೇ ಒಪ್ಪಿಕೊಂಡಿದ್ದಿತು.

೨. ಇಂದಿನ ಸ್ಥಿತಿ

ಪದವಿಯ ಜ್ಞಾನ ಜೀವನಪರ್ಯಂತ ಸಾಲದೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ಆದುದರಿಂದಲೇ ಭಾರತೀಯ ದಂತ ಪರಿಷತ್ತು ನಿರಂತರ ಶಿಕ್ಷಣಕ್ಕೆ ಅಂಕಗಳ ಪದ್ಧತಿಯನ್ನು ತಂದಿತು. ೧೯೪೮ರ ಕಾಯಿದೆಯ ಸ್ಥಾನದಲ್ಲಿ ನಿಲ್ಲತಕ್ಕ ರಾಷ್ಟ್ರೀಯ ದಂತ ಆಯೋಗದ ಕಾಯಿದೆಯನ್ನು ಸಂಸತ್ತು ೨೦೨೩ರಲ್ಲಿ ಅಂಗೀಕರಿಸಿತು. ಇತ್ತ ನಗರಗಳಲ್ಲಿ ಎರಡು ಮೂರು ದಿನಗಳ ಶಿಬಿರಗಳೂ, ಚಿಕಿತ್ಸಾಲಯದ ಆದಾಯವನ್ನು ಹೆಚ್ಚಿಸುವ ಮಾರ್ಗವನ್ನು ಹೇಳಿಕೊಡುವ ಸಲಹೆಗಾರರೂ ಹೆಚ್ಚಿದ್ದಾರೆ. ಸಣ್ಣ ಊರಿನ ವೈದ್ಯರು ಇವುಗಳಿಗೆ ಹೋಗಬೇಕಾದರೆ ಶುಲ್ಕವನ್ನು ತೆರುವುದರ ಜೊತೆಗೆ ಚಿಕಿತ್ಸಾಲಯವನ್ನೂ ಮುಚ್ಚಬೇಕು. ಹಲ್ಲುನೋವಿನಿಂದ ಬಂದವರು ಅಂದು ಹಿಂದಿರುಗಬೇಕು. ಆಯ್ಕೆ ತಪ್ಪಿದರೆ ನಷ್ಟ ಇಬ್ಬರದೂ ಆಗುತ್ತದೆ.

೩. ಆಯ್ಕೆಯ ಒರೆಗಲ್ಲುಗಳು

ಮೊದಲನೆಯದು, ಅಗತ್ಯ. ತರಬೇತಿಯ ಪ್ರಕಟಣೆಯನ್ನು ಓದುವ ಮೊದಲು ವೈದ್ಯರು ತಮ್ಮದೇ ರೋಗಿಗಳ ಪುಸ್ತಕವನ್ನು ಓದುವುದು ಯುಕ್ತ. ಕಳೆದ ಆರು ತಿಂಗಳಲ್ಲಿ ಯಾವ ತೊಂದರೆಗಳು ಬಂದವು, ಯಾವುವನ್ನು ಬೇರೆಡೆಗೆ ಕಳುಹಿಸಲಾಯಿತು, ಮಾಡಿದ ಯಾವ ಚಿಕಿತ್ಸೆ ಕೆಟ್ಟು ಮರಳಿ ಬಂದಿತು ಎಂಬುದು ಅಲ್ಲಿಯೇ ಇರುತ್ತದೆ. ವೈದ್ಯರೊಬ್ಬರು ಇಂಪ್ಲಾಂಟ್ ಜೋಡಿಸುವ ಶಿಬಿರಕ್ಕೆ ಹೋಗಿಬಂದರೆಂದು ಇಟ್ಟುಕೊಳ್ಳೋಣ. ಅವರಲ್ಲಿಗೆ ಬರುವ ಬಹುಮಂದಿಗೆ ಬೇಕಾದುದು ರೂಟ್ ಕೆನಾಲ್ ಚಿಕಿತ್ಸೆಯಾಗಿದ್ದರೆ, ಕಲಿತ ಕೈಗೆ ಕೆಲಸವಿಲ್ಲದೆ ವಿದ್ಯೆ ಮಸಳಿಸುತ್ತದೆ. ಅಡಿಕೆ ತಂಬಾಕುಗಳನ್ನು ಅಗಿಯುವವರಲ್ಲಿ ಬಾಯಿ ಕ್ರಮೇಣ ಬಿಗಿದು ತೆರೆಯದಂತಾಗುವುದೂ, ಕೆನ್ನೆಯ ಒಳಗೆ ಬಿಳಿಯ ಮಚ್ಚೆ ಮೂಡುವುದೂ ಕ್ಯಾನ್ಸರಿನ ಮುನ್ಸೂಚನೆಗಳಾಗಬಹುದು. ಹಲ್ಲಿಗಾಗಿ ಬಂದವರ ಬಾಯಲ್ಲಿ ಇದನ್ನು ಮೊದಲು ಕಾಣುವ ಅವಕಾಶ ದಂತವೈದ್ಯರದು. ಅದನ್ನು ಗುರುತಿಸಿ ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಲು ಕಲಿಸುವ ಒಂದು ದಿನದ ತರಬೇತಿ ಪ್ರಾಣವನ್ನೇ ಉಳಿಸೀತು.

ಎರಡನೆಯದು, ಬೋಧನೆಯ ಕ್ರಮ. ಜಾರ್ಜ್ ಮಿಲ್ಲರ್ ೧೯೯೦ರಲ್ಲಿ ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು: ವಿಷಯವನ್ನು ಬಲ್ಲುದು, ಮಾಡುವ ಬಗೆಯನ್ನು ಬಲ್ಲುದು, ಮಾಡಿ ತೋರಿಸುವುದು, ನಿತ್ಯದ ಕೆಲಸದಲ್ಲಿ ಮಾಡುವುದು. ಉಪನ್ಯಾಸ ಮೊದಲ ಎರಡು ಮೆಟ್ಟಿಲುಗಳಿಗೆ ಸಾಕು. ಮೂರನೆಯದಕ್ಕೆ ಕಲಿಯುವವರ ಕೈಯಲ್ಲಿ ಉಪಕರಣವಿರಬೇಕು. ಪಕ್ಕದಲ್ಲಿ ನಿಂತು ತಿದ್ದುವ ಗುರುವಿರಬೇಕು. ಒಬ್ಬ ಗುರುವಿಗೆ ಎಷ್ಟು ಮಂದಿ, ಗುರು ತಾನೇ ಆ ಚಿಕಿತ್ಸೆಯನ್ನು ಎಷ್ಟು ಕಾಲ ಮಾಡಿದ್ದಾರೆ, ಉಪಕರಣಗಳ ಮಾರಾಟದಲ್ಲಿ ಅವರಿಗೆ ಲಾಭವಿದೆಯೇ—ಈ ಮೂರನ್ನು ಮೊದಲೇ ಕೇಳಿ ತಿಳಿಯತಕ್ಕದ್ದು.

ಮೂರನೆಯದು, ಚಿಕಿತ್ಸಾಲಯದ ಸಮಗ್ರತೆ. ಉಪಕರಣಗಳನ್ನು ಕುದಿಹಬೆಯಲ್ಲಿ ಶುದ್ಧಿ ಮಾಡುವವರು, ಬಳಸಿದ ಸೂಜಿಯನ್ನು ಬೇರ್ಪಡಿಸುವವರು ಸಾಮಾನ್ಯವಾಗಿ ಸಹಾಯಕರು. ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ತ್ಯಾಜ್ಯವನ್ನು ನಿರ್ವಹಿಸುವ ಸಿಬ್ಬಂದಿಗೆ ಕೆಲಸಕ್ಕೆ ಸೇರುವಾಗಲೂ, ಅನಂತರ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ವೈದ್ಯರೊಬ್ಬರೇ ಕಲಿತು ಬಂದು ಸಹಾಯಕರು ಹಳೆಯ ರೂಢಿಯಲ್ಲಿಯೇ ಉಳಿದರೆ ರೋಗಿಗೆ ರಕ್ಷಣೆಯಿಲ್ಲ.

ನಾಲ್ಕನೆಯದು, ಫಲದ ಪರೀಕ್ಷೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ೧೯೫೯ರಲ್ಲಿ ಬರೆಯತೊಡಗಿದ ಲೇಖನಗಳಲ್ಲಿ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕೆಂದರು: ಕಲಿತವರ ಮೆಚ್ಚಿಕೆ, ಕಲಿಕೆ, ನಡತೆಯ ಬದಲಾವಣೆ, ಅಂತಿಮ ಫಲ. ಶಿಬಿರದ ಕೊನೆಯಲ್ಲಿ ತುಂಬಿಸಿಕೊಳ್ಳುವ ಅಭಿಪ್ರಾಯಪತ್ರ ಮೊದಲ ಹಂತವನ್ನು ಮಾತ್ರ ಮುಟ್ಟುತ್ತದೆ. ಆರು ತಿಂಗಳ ಅನಂತರ ಅದೇ ರೋಗಿಗಳ ಪುಸ್ತಕವನ್ನು ಮತ್ತೆ ತೆರೆದು, ಕೆಟ್ಟು ಮರಳಿದ ಚಿಕಿತ್ಸೆಗಳು ಕಡಮೆಯಾದುವೇ ಎಂದು ನೋಡಿದರೆ ಕೊನೆಯ ಹಂತ ತಿಳಿಯುತ್ತದೆ. ಆದಾಯದ ಸಲಹೆಗಾರರಿಗೂ ಈ ಪರೀಕ್ಷೆ ಸಲ್ಲುತ್ತದೆ. ರೋಗಿಗಳಿಗೆ ಕೊಟ್ಟ ವೇಳೆಯನ್ನು ಪಾಲಿಸುವುದನ್ನೂ, ಖರ್ಚನ್ನು ಮೊದಲೇ ತಿಳಿಸುವುದನ್ನೂ ಕಲಿಸಿದ್ದರೆ ಅದು ಉಪಯುಕ್ತವೇ. ಅನಗತ್ಯ ಚಿಕಿತ್ಸೆಯಿಂದ ಗಳಿಕೆ ಹೆಚ್ಚಿದ್ದರೆ ಅದನ್ನು ವೃತ್ತಿಯ ಉನ್ನತಿಯೆನ್ನಲಾಗದು.

೪. ಉಪಸಂಹಾರ

ಅನುಭವವೊಂದೇ ಪ್ರಮಾಣವಾಗಿದ್ದ ಕಾಲದಲ್ಲಿ ಶಾಸ್ತ್ರದ ಕೊರತೆಯಿದ್ದಿತು. ಪ್ರಮಾಣಪತ್ರವೊಂದೇ ಪ್ರಮಾಣವಾದರೆ ಕೈಯ ಅಭ್ಯಾಸದ ಕೊರತೆ ಉಂಟಾದೀತು. ೧೯೪೮ರ ಕಾಯಿದೆಯ ಎರಡು ಭಾಗಗಳು ಬೇರೆಬೇರೆಯಾಗಿ ಗುರುತಿಸಿದ ಈ ಎರಡು ಅರ್ಹತೆಗಳು ಒಂದೆಡೆ ಸೇರುವಂತೆ ಮಾಡುವ ತರಬೇತಿಯೇ ಆರಿಸಲು ತಕ್ಕುದೆಂದು ನಮಗೆ ತೋರುತ್ತದೆ. ಅದು ಸತ್ತೂರಿನಲ್ಲಿ ದೊರೆಯಲಿ, ದಾವಣಗೆರೆಯಲ್ಲಿ ದೊರೆಯಲಿ, ಅದರ ಬೆಲೆಯನ್ನು ಗೊತ್ತುಮಾಡತಕ್ಕುದು ಯಲವಿಗಿಯಂಥ ಊರಿನಿಂದ ಬಂದು ಚಿಕಿತ್ಸೆಯ ಕುರ್ಚಿಯಲ್ಲಿ ಕುಳಿತವರ ಬಾಯಿಯ ಆರೋಗ್ಯ.